ಸೈಕಲ್ ಸಮಸ್ಯೆ: ಮಳೆಗಾಲದ ಪತ್ರಗಳು

ಮುಂಗಾರು ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಜಾರಿದ್ದು, ನಿಲ್ಲದೆ ಹೋದದ್ದು, ತುಕ್ಕು ಹಿಡಿದದ್ದೇ. ಒಂದೇ ಬಗೆಯ ಪ್ರಶ್ನೆಗಳಲ್ಲಿ ಒಂದೊಂದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಕಂಬಿ ಬ್ರೇಕಿನ ಹಳೇ ಕರಿ ಸೈಕಲ್. ಬೇಸಿಗೆಯಲ್ಲಿ ಸರಿಯಾಗೇ ನಿಲ್ಲುತ್ತದೆ. ಮಳೆ ಬಂದರೆ ಎಷ್ಟು ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಮೊನ್ನೆ ಇಳಿಜಾರಿನಲ್ಲಿ ಸೀದಾ ಗೇಟಿಗೆ ಗುದ್ದಿದ್ದಾಯಿತು. ಬ್ರೇಕ್ ರಬ್ಬರ್ ಹೊಸದೇ ಇದೆ. ಅಲ್ಯೂಮಿನಿಯಂ ರಿಮ್ ಹಾಕಿಸಲೇ? – ಓದುಗರು, ತೀರ್ಥಹಳ್ಳಿ

ಉತ್ತರ: ತಪ್ಪು ರಬ್ಬರಿನದಲ್ಲ, ರಿಮ್ಮಿನದು. ಈ ಸೈಕಲ್‌ಗಳಿಗೆ ಕ್ರೋಮ್ ಹಾಕಿದ ಸ್ಟೀಲ್ ರಿಮ್ ಇರುತ್ತದೆ. ಆ ನುಣುಪಿನ ಮೇಲೆ ನೀರಿನ ಪದರ ಕೂತಿತೆಂದರೆ ರಬ್ಬರಿಗೆ ಹಿಡಿತ ಸಿಗುವುದಿಲ್ಲ. ಬ್ರೇಕ್ ಒತ್ತಿದಾಗ ರಬ್ಬರು ಮೊದಲು ನೀರನ್ನು ಒರೆಸಬೇಕು, ಹಿಡಿಯುವುದು ಆಮೇಲೆ. 28 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಒರೆಸುವುದಕ್ಕೇ ನಾಲ್ಕೈದು ಸುತ್ತು ಬೇಕಾದರೆ ಹತ್ತು ಮೀಟರ್ ಹೋಯಿತು, ಸೈಕಲ್ಲಿನ ವೇಗ ಇನ್ನೂ ಇಳಿದೇ ಇಲ್ಲ. ಗೇಟು ಸಿಕ್ಕಿದ್ದು ಅಲ್ಲೇ.

ಹಾಗಾಗಿ ಇಳಿಜಾರು ಶುರುವಾಗುವ ಮೊದಲೇ ಎರಡೂ ಬ್ರೇಕನ್ನು ಹಗುರಾಗಿ ತಾಗಿಸಿ ರಿಮ್ ಒರೆಸಿಕೊಳ್ಳಿ. ಇಳಿಯುವಾಗಲೂ ರಬ್ಬರು ರಿಮ್ಮಿಗೆ ಸ್ವಲ್ಪ ತಾಗಿಕೊಂಡೇ ಇರಲಿ. ವೇಗ ಏರಿದ ಮೇಲೆ ಇಳಿಸುತ್ತೇನೆಂಬುದು ಸ್ಟೀಲ್ ರಿಮ್ಮಿನಲ್ಲಿ ನಡೆಯದ ಮಾತು. ಕಡಿದಾದ ಇಳಿಜಾರಾದರೆ ಇಳಿದು ತಳ್ಳಿಕೊಂಡು ಹೋಗಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

ರಬ್ಬರಿಗೂ ರಿಮ್ಮಿಗೂ ನಡುವೆ 2ರಿಂದ 3 ಮಿಲಿಮೀಟರ್ ಸಂದು ಇರುವಂತೆ ಕಂಬಿಯ ನಟ್ ಬಿಗಿಸಿ. ರಬ್ಬರಿನ ಮುಖ ಹೊಳೆಯುತ್ತಿದ್ದರೆ ಒರಟು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ರಿಮ್ಮನ್ನು ಮಾತ್ರ ಉಜ್ಜಬೇಡಿ, ಕ್ರೋಮ್ ಎದ್ದರೆ ತುಕ್ಕು ಬರುತ್ತದೆ. ಸೋಪಿನ ನೀರಿನಲ್ಲಿ ತೊಳೆದು ಎಣ್ಣೆಯ ಜಿಡ್ಡು ತೆಗೆದರೆ ಸಾಕು. ಇನ್ನು ಅಲ್ಯೂಮಿನಿಯಂ ರಿಮ್: ಕಂಬಿ ಬ್ರೇಕ್ ರಿಮ್ಮಿನ ಒಳಮುಖವನ್ನು ಹಿಡಿಯುವಂಥದ್ದು, ಮಾಮೂಲಿ ಅಲ್ಯೂಮಿನಿಯಂ ರಿಮ್ಮಿನಲ್ಲಿ ಬ್ರೇಕ್ ಹಿಡಿಯುವುದು ಪಕ್ಕದ ಮುಖ. ರಿಮ್ ಜೊತೆಗೆ ಬ್ರೇಕು, ಲಿವರು, ಕೇಬಲ್ಲು ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಹಳೇ ಸೈಕಲ್ಲಿಗೆ ಅಷ್ಟು ಖರ್ಚು ಮಾಡಿ ಎಂದು ನಾವು ಹೇಳುವುದಿಲ್ಲ.

ಕೊಡೆ ಹಿಡಿದು ಸವಾರಿ ಮಾಡುವವರಿಗೂ ಒಂದು ಮಾತು. ಒಂದು ಕೈ ಕೊಡೆಗೆ ಹೋದರೆ ಒಂದು ಬ್ರೇಕೂ ಹೋದಂತೆ. ಉಳಿದದ್ದು ಹಿಂದಿನದಷ್ಟೇ ಆದರೆ ಇನ್ನೂ ಕಷ್ಟ, ನಿಲ್ಲಿಸುವಾಗ ಮೈಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುವುದರಿಂದ ಹೆಚ್ಚು ಕೆಲಸ ಮಾಡುವುದು ಮುಂದಿನ ಬ್ರೇಕೇ.

ಪ್ರಶ್ನೆ: ಆಫೀಸಿಗೆ ಹೈಬ್ರಿಡ್ ಸೈಕಲ್ಲಿನಲ್ಲಿ ಹೋಗುತ್ತೇನೆ. ಹನಿ ಮಳೆಯಲ್ಲಿ ಸಿಗ್ನಲ್ ಬಳಿ ಎಡಕ್ಕೆ ತಿರುಗುವಾಗ ಜೀಬ್ರಾ ಪಟ್ಟಿಯ ಮೇಲೆ ಮುಂದಿನ ಚಕ್ರ ಜಾರಿ ಬಿದ್ದೆ. ಮೈಮೇಲೆ ಉಬ್ಬು ಗುಂಡಿಗಳಿರುವ ಟಯರ್ ಹಾಕಿಸಿದರೆ ಸರಿಹೋಗುತ್ತದೆಯೇ? – ಓದುಗರು, ಬೆಂಗಳೂರು

ಉತ್ತರ: ಡಾಂಬರು ರಸ್ತೆಯಲ್ಲಿ ಗುಂಡಿ ಟಯರಿನಿಂದ ಲಾಭವಿಲ್ಲ. ಅಗಲವಾದ, ಚಪ್ಪಟೆ ಟಯರಿನ ಕಾರು ವೇಗದಲ್ಲಿದ್ದಾಗ ನೀರಿನ ಮೇಲೆ ತೇಲುತ್ತದೆ. ಸೈಕಲ್ ಟಯರು ಕಿರಿದು, ದುಂಡಗೆ, ಮೇಲಾಗಿ ಗಾಳಿಯ ಒತ್ತಡ ಜಾಸ್ತಿ. ಅದು ನೀರನ್ನು ಸೀಳಿಕೊಂಡು ನೆಲ ಮುಟ್ಟುತ್ತದೆ. ಗುಂಡಿಗಳಿದ್ದರೆ ನೆಲಕ್ಕೆ ತಾಗುವ ರಬ್ಬರೇ ಕಡಿಮೆಯಾಗುತ್ತದೆ. ನಿಮ್ಮದು 700×35 ಟಯರಾಗಿದ್ದು 60–65 ಪಿಎಸ್‌ಐ ಹಾಕುತ್ತಿದ್ದರೆ ಮಳೆಗಾಲಕ್ಕೆ 50–55 ಮಾಡಿ ನೋಡಿ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಕನಿಷ್ಠ ಅಂಕಿಗಿಂತ ಕೆಳಗಿಳಿಸಬೇಡಿ, ಹೊಂಡಕ್ಕೆ ಬಿದ್ದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತಾಗುತ್ತವೆ.

ನಿಮ್ಮನ್ನು ಬೀಳಿಸಿದ್ದು ಬಣ್ಣದ ಮೇಲೆ ಸೈಕಲ್ ವಾಲಿಸಿದ್ದು. ಬಿಳಿ ಪಟ್ಟಿ, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ, ಮೆಟ್ರೋ ಕಾಮಗಾರಿಯ ಜಾಗದಲ್ಲಿ ಹಾಸಿದ ಕಬ್ಬಿಣದ ತಗಡು, ಉದುರಿ ಕೊಳೆತ ಗುಲ್‌ಮೊಹರ್ ಹೂವು, ಇವುಗಳ ಮೇಲೆ ತಿರುಗಲೂಬಾರದು, ಬ್ರೇಕ್ ಒತ್ತಲೂಬಾರದು, ಜೋರಾಗಿ ಪೆಡಲ್ ತುಳಿಯಲೂಬಾರದು. ನೆಟ್ಟಗೆ ಹೋದರೆ ಏನೂ ಆಗುವುದಿಲ್ಲ. ಬ್ರೇಕನ್ನು ಪಟ್ಟಿಗೆ ಮೊದಲೇ ಒತ್ತಿ ಮುಗಿಸಿ, ಪಟ್ಟಿ ದಾಟಿದ ಮೇಲೆ ತಿರುಗಿ. ರೈಲು ಹಳಿಯಾದರೆ ಆದಷ್ಟು ಅಡ್ಡಲಾಗಿ, ಲಂಬವಾಗಿ ದಾಟಿ.

ನಾವು ಜೋರು ಮಳೆಗಿಂತ ಹೆಚ್ಚು ಹೆದರುವುದು ಹನಿ ಮಳೆಗೆ. ಒಣಗಿದ ರಸ್ತೆಯ ಮೇಲೆ ಕೂತ ಎಣ್ಣೆ, ದೂಳು, ಟಯರಿನ ಪುಡಿ ಮೊದಲ ಹನಿಗಳಿಗೆ ಕಲೆಸಿ ಲೋಳೆಯಾಗುತ್ತದೆ. ಅರ್ಧ ಗಂಟೆ ಜೋರಾಗಿ ಸುರಿದರೆ ಬಹುಪಾಲು ಕೊಚ್ಚಿಹೋಗುತ್ತದೆ. ಕಾಮನಬಿಲ್ಲಿನ ಬಣ್ಣ ಕಂಡರೆ ಅದು ಡೀಸೆಲ್ ಇಲ್ಲವೇ ಎಣ್ಣೆ. ಸಿಗ್ನಲ್ ಮತ್ತು ಬಸ್ ನಿಲ್ದಾಣದ ಬಳಿ ಜಾಸ್ತಿ.

ಪ್ರಶ್ನೆ: ಮಳೆಯಲ್ಲಿ ಡೈನಮೋ ದೀಪ ಮಿಣುಕುತ್ತದೆ, ಕೆಲವೊಮ್ಮೆ ಆರಿಯೇ ಹೋಗುತ್ತದೆ. ವೈರು ಸರಿ ಇದೆ. – ಓದುಗರು, ಸಿರಸಿ

ಉತ್ತರ: ಒದ್ದೆ ಟಯರಿನ ಮೇಲೆ ಡೈನಮೋ ತಲೆ ಜಾರುತ್ತಿದೆ. ಡೈನಮೋ ನಡುಗೆರೆ ಚಕ್ರದ ಆಕ್ಸಲ್ ಕಡೆಗೆ ನೇರವಾಗಿ ನೋಡುವಂತೆ ಕ್ಲಾಂಪ್ ತಿರುಗಿಸಿ, ತಲೆಗೆ ರಬ್ಬರ್ ಟೋಪಿ ಹಾಕಿ. ಆದರೂ ಜೋರು ಮಳೆಯಲ್ಲಿ ಅದನ್ನು ನಂಬಬೇಡಿ, ಬ್ಯಾಟರಿಯ ಎಲ್‌ಇಡಿ ದೀಪ ಒಂದು ಜೊತೆಗಿರಲಿ.

ಪ್ರಶ್ನೆ: ಮಳೆಗಾಲದಲ್ಲೇ ಪಂಚರ್ ಜಾಸ್ತಿ ಏಕೆ? ದಾರಿಯಲ್ಲಿ ಹಾಕಿದ ಪ್ಯಾಚು ಎರಡು ಕಿಲೋಮೀಟರಿಗೆ ಎದ್ದು ಬರುತ್ತದೆ. – ಓದುಗರು, ಹಾಸನ

ಉತ್ತರ: ಒದ್ದೆ ರಬ್ಬರನ್ನು ಸುಲಭವಾಗಿ ಕೊಯ್ಯಬಹುದು. ರಬ್ಬರ್ ಕತ್ತರಿಸುವವರು ಬ್ಲೇಡಿಗೆ ನೀರು ಮುಟ್ಟಿಸಿಕೊಳ್ಳುವುದು ಇದಕ್ಕೇ. ಜೊತೆಗೆ ಗಾಜಿನ ಚೂರು, ಕಲ್ಲಿನ ಹರಳು, ಜಾಲಿಮುಳ್ಳು ಎಲ್ಲ ನೀರಿನೊಂದಿಗೆ ಹರಿದು ರಸ್ತೆಯ ಅಂಚಿಗೆ, ಅಂದರೆ ಸೈಕಲ್ ಹೋಗುವ ಜಾಗಕ್ಕೇ ಸೇರುತ್ತವೆ. ಒದ್ದೆ ಟಯರಿಗೆ ಅಂಟಿಕೊಂಡ ಚೂರು ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪವೇ ಒಳಗಿಳಿಯುತ್ತದೆ.

ಪ್ಯಾಚು ಏಳುವುದು ತೇವದಿಂದ, ಅವಸರದಿಂದ. ಟ್ಯೂಬನ್ನು ಪೂರ್ತಿ ಒರೆಸಿ ಒಣಗಿಸಿ, ಪ್ಯಾಚಿಗಿಂತ ಅಗಲವಾಗಿ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಸಲ್ಯೂಷನ್ನನ್ನು ತೆಳ್ಳಗೆ ಹಚ್ಚಿ ಐದು ನಿಮಿಷ ಬಿಡಿ. ಹಸಿ ಹೊಳಪು ಹೋದ ಮೇಲೆಯೇ ಪ್ಯಾಚು ಕೂರಿಸಿ ಒತ್ತಬೇಕು. ಸುರಿಯುವ ಮಳೆಯಲ್ಲಿ ಇದು ಆಗುವ ಕೆಲಸವಲ್ಲ. ಒಂದು ಹೊಸ ಟ್ಯೂಬ್ ಇಟ್ಟುಕೊಂಡು ಅಲ್ಲಿ ಬದಲಿಸಿ, ಪ್ಯಾಚು ಮನೆಯಲ್ಲಿ ಹಾಕಿ. ಹೊಸದನ್ನು ತೊಡಿಸುವ ಮೊದಲು ಟಯರಿನ ಒಳಗೆ ಬಟ್ಟೆ ಸುತ್ತಿದ ಬೆರಳಾಡಿಸಿ, ಮುಳ್ಳು ಅಲ್ಲೇ ಇರಬಹುದು. ತೂತು ಟ್ಯೂಬಿನ ಒಳಬದಿಗಿದ್ದರೆ ಮುಳ್ಳು ಹುಡುಕಬೇಡಿ, ರಿಮ್ ಟೇಪು ಸರಿದು ಕಡ್ಡಿಯ ತುದಿ ಚುಚ್ಚಿರುತ್ತದೆ.

ಪ್ರಶ್ನೆ: ಎರೆಹೊಲದ ದಾರಿಯಲ್ಲಿ ಮಳೆಯಾದ ಮರುದಿನ ಹೋದಾಗ ಚಕ್ರ ತಿರುಗದೇ ನಿಂತಿತು. ಜೋರಾಗಿ ತುಳಿದದ್ದಕ್ಕೆ ಹಿಂದಿನ ಗೇರಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಮುರಿದು ಕಡ್ಡಿಗೆ ಸಿಕ್ಕಿತು. – ಓದುಗರು, ನವಲಗುಂದ

ಉತ್ತರ: ಎರೆಮಣ್ಣು ಹಸಿಯಾದಾಗ ಟಯರಿಗೆ ಪದರ ಪದರವಾಗಿ ಸುತ್ತಿಕೊಂಡು ಮಡ್‌ಗಾರ್ಡ್, ಬ್ರೇಕು, ಫ್ರೇಮಿನ ಸಂದುಗಳನ್ನು ತುಂಬಿಬಿಡುತ್ತದೆ. ಚೈನಿಗೂ ಡಿರೇಲರಿನ ಪುಟ್ಟ ಚಕ್ರಗಳಿಗೂ ಮಣ್ಣು ಮೆತ್ತಿದಾಗ ನೀವು ತುಳಿದರೆ, ಚೈನು ಡಿರೇಲರನ್ನೇ ಎಳೆದುಕೊಂಡು ಮೇಲಕ್ಕೆ ಹೋಗುತ್ತದೆ. ಮೊದಲು ಮುರಿಯುವುದು ಅದನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್. ಫ್ರೇಮ್ ಉಳಿಯಲೆಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಒಂದೊಂದು ಮಾಡೆಲ್ಲಿಗೂ ಬೇರೆ ಬೇರೆ ಹ್ಯಾಂಗರ್, ಹಳೆಯದನ್ನು ಅಂಗಡಿಗೆ ಒಯ್ದು ಹೋಲಿಸಿ ಕೊಳ್ಳಿ. ಕಡ್ಡಿ ಸೊಟ್ಟಗಾಗಿದೆಯೇ ಎಂದೂ ನೋಡಿಸಿ.

ಪೆಡಲ್ ಭಾರವಾಯಿತೆಂದ ಕೂಡಲೇ ಇಳಿಯಿರಿ. ಕಟ್ಟಿಗೆಯಿಂದ ಮಣ್ಣು ಕೆರೆದು, ಹುಲ್ಲಿರುವ ಬದುವಿನ ಮೇಲೆ ತಳ್ಳಿ, ಇಲ್ಲವೇ ಹೆಗಲಿಗೇರಿಸಿ. ಆ ದಾರಿ ದಿನವೂ ಇದ್ದರೆ ಮಳೆಗಾಲಕ್ಕೆ ಮಡ್‌ಗಾರ್ಡ್ ಬಿಚ್ಚಿಡುವುದೇ ಮೇಲು. ಬೆನ್ನಿಗೆ ಕೆಸರು ಸಿಡಿಯುತ್ತದೆ, ಆದರೆ ಮನೆ ಮುಟ್ಟುತ್ತೀರಿ. ಮಣ್ಣು ಒಣಗಿ ಗಟ್ಟಿಯಾಗುವ ಮುಂಚೆ ತೊಳೆಯಿರಿ.

ಪ್ರಶ್ನೆ: ರಾತ್ರಿ ಬೆಳಗಾಗುವುದರೊಳಗೆ ಚೈನು ಕೆಂಪಾಗುತ್ತದೆ. ಕೊಬ್ಬರಿ ಎಣ್ಣೆ ಹಾಕಬಹುದೇ? ಪೆಡಲ್ ಬುಡದಲ್ಲಿ ಕಟಕಟ ಸದ್ದೂ ಇದೆ. – ಓದುಗರು, ಕುಂದಾಪುರ

ಉತ್ತರ: ಕೊಬ್ಬರಿ ಎಣ್ಣೆ ಒಂದು ಮಳೆಗೆ ತೊಳೆದುಹೋಗುತ್ತದೆ. ಬೈಕಿನಿಂದ ತೆಗೆದ ಹಳೇ ಎಂಜಿನ್ ಆಯಿಲ್ ಇನ್ನೂ ಕೆಟ್ಟದ್ದು, ಅದರಲ್ಲಿ ಲೋಹದ ಪುಡಿ ಇರುತ್ತದೆ. ಮಳೆಗಾಲಕ್ಕೆಂದೇ ಸಿಗುವ ದಪ್ಪ ಚೈನ್ ಆಯಿಲ್ ತನ್ನಿ. ನೆನೆದ ದಿನ ಮನೆಗೆ ಬಂದ ಕೂಡಲೇ ಒಣಬಟ್ಟೆಯಲ್ಲಿ ಚೈನು ಒರೆಸಿ, ಒಂದೊಂದು ರೋಲರಿಗೆ ಒಂದೇ ಹನಿ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷದ ನಂತರ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆ ಮರಳನ್ನು ಹಿಡಿದಿಟ್ಟು ಚೈನನ್ನೇ ಸವೆಸುತ್ತದೆ. ಸ್ಟೀಲ್ ಸ್ಕೇಲಿನಲ್ಲಿ ಪಿನ್ನಿನಿಂದ ಪಿನ್ನಿಗೆ 12 ಇಂಚು ಅಳೆಯಿರಿ. 1/16 ಇಂಚು ಹೆಚ್ಚಾಗಿದ್ದರೆ ಚೈನು ಬದಲಿಸಿ. 1/8 ಇಂಚಿನವರೆಗೆ ಬಿಟ್ಟರೆ ಹಿಂದಿನ ಹಲ್ಲುಚಕ್ರವೂ ಹೋಗಿರುತ್ತದೆ.

ಕಟಕಟಕ್ಕೆ ಮೊದಲು ಪೆಡಲ್ ಕೋಲಿನ ನಟ್ ಅಥವಾ ಕಾಟರ್ ಪಿನ್ ಸಡಿಲವಾಗಿದೆಯೇ ನೋಡಿ. ಅಲ್ಲವಾದರೆ ಸೀಟಿನ ಪೈಪಿನಿಂದ ಇಳಿದ ನೀರು ಕೆಳಗಿನ ಬೇರಿಂಗಿಗೆ ಸೇರಿರಬೇಕು. ಸೀಟು ಕಿತ್ತು ಸೈಕಲ್ ತಲೆಕೆಳಗು ಮಾಡಿದರೆ ಕೆಲವೊಮ್ಮೆ ನೀರು ಸುರಿಯುತ್ತದೆ. ಹಳೇ ಮಾದರಿಯದಾದರೆ ಬಿಚ್ಚಿಸಿ, ಬದಿಗೆ 11ರಂತೆ ಕಾಲು ಇಂಚಿನ ಹೊಸ ಗುಂಡು ಹಾಕಿಸಿ, ಗ್ರೀಸ್ ತುಂಬಿಸಿ. ಚುಕ್ಕೆ ಬಿದ್ದ ಹಳೇ ಗುಂಡು ಬೇಡ. ಸೀಟಿನ ಪೈಪಿಗೂ ಗ್ರೀಸ್ ಸವರಿ ಕೂರಿಸಿ. ವಾಟರ್ ಸರ್ವೀಸಿನ ಜೋರು ಪೈಪಿನಲ್ಲಿ ಸೈಕಲ್ ತೊಳೆಸಬೇಡಿ, ಹಾಕಿದ ಗ್ರೀಸನ್ನೆಲ್ಲ ಅದು ಹೊರಗೆ ತಳ್ಳುತ್ತದೆ. ಒಂದು ಬಕೆಟ್ ನೀರು, ಹಳೇ ಬ್ರಷ್ ಸಾಕು.