ನಿಮ್ಮ ‘ಕರಿ’ ಲೇಖನ ಯಾಕೆ ವಾಪಸ್ ಬಂತು

ಸಕಲೇಶಪುರದಿಂದ ನೀವು ಕಳಿಸಿದ ‘ಕರಿ: ಜಗತ್ತು ಸುತ್ತಿದ ಕನ್ನಡ ಪದ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ ‘ಆಯ್ಕೆಯಾಗಿಲ್ಲ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು, ಆದರೆ ಮೂರನೇ ಪುಟದಲ್ಲಿ ಒಂದು ಕಡೆ ನಿಜಕ್ಕೂ ಚೆನ್ನಾಗಿ ಬರೆದಿದ್ದೀರಿ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು: ಕನ್ನಡದಲ್ಲಿ ಕರಿ ಅಂದರೆ ಕಪ್ಪು, ಟರ್ಕಿ ಭಾಷೆಯಲ್ಲಿ ‘ಕರಾ’ ಅಂದರೂ ಕಪ್ಪು, ಜಪಾನಿಯಲ್ಲಿ ‘ಕುರೊ’ ಅಂದರೂ ಕಪ್ಪು, ಆದ್ದರಿಂದ ಮೂರಕ್ಕೂ ತಾಯಿ ಕನ್ನಡ. ಅರ್ಥಗಳೇನೋ ಸರಿ. ಕಪ್ಪು ಸಮುದ್ರಕ್ಕೆ ಟರ್ಕಿಯವರು ‘ಕರಾದೆನಿಜ್’ ಅನ್ನುತ್ತಾರೆ, ತುರ್ಕ್‌ಮೆನಿಸ್ತಾನದ ಕರಾಕುಮ್ ಮರುಭೂಮಿ ಅಂದರೆ ಕಪ್ಪು ಮರಳು, ಲಡಾಖಿನ ಉತ್ತರದ ಕಾರಕೋರಂ ಪರ್ವತಸಾಲಿನ ಹೆಸರಿನಲ್ಲೂ ಅದೇ ಕರಾ ಇದೆ. ಎಡವಿದ್ದು ‘ಆದ್ದರಿಂದ’ ಅನ್ನುವಲ್ಲಿ.

ಜಪಾನಿಯಲ್ಲಿ ‘ಕರಿ’ ಅಂತಲೇ ಪದಗಳಿವೆ. ಒಂದಕ್ಕೆ ಬೇಟೆ ಅಂತ ಅರ್ಥ, ಇನ್ನೊಂದಕ್ಕೆ ಸಾಲ. ಫಿನ್ನಿಶ್‌ನಲ್ಲಿ ಕರಿ ಅಂದರೆ ನೀರಿನೊಳಗೆ ಅಡಗಿರುವ ಬಂಡೆ, ಹಡಗಿನ ತಳಕ್ಕೆ ತಗಲುವಂಥದ್ದು. ಟರ್ಕಿಯಲ್ಲಿ ಹೆಚ್ಚುಕಡಿಮೆ ಹಾಗೇ ಕೇಳಿಸುವ ಪದಕ್ಕೆ ಹೆಂಡತಿ ಅಂತ ಅರ್ಥ! ಇವನ್ನೆಲ್ಲ ಯಾಕೆ ಬಿಟ್ಟಿರಿ? ನಿಮ್ಮ ಮಾತಿಗೆ ಹೊಂದಲಿಲ್ಲ, ಅದಕ್ಕೇ ಅಲ್ವಾ? ಸದ್ದು ಒಂದೇ ಇರುವುದನ್ನು ಬಾಗಿಲಾಚೆ ನಿಲ್ಲಿಸಿ, ದೂರದ ಕುರೊನ ಎಳೆದು ತಂದು ಮಣೆ ಹಾಕಿದ್ದೀರಿ.

ಇಂಥ ಹೋಲಿಕೆ ಎಷ್ಟು ಬೇಕಾದರೂ ಸಿಗುತ್ತವೆ. ಫಾರ್ಸಿಯಲ್ಲಿ ‘ಬದ್’ ಅಂದರೆ ಕೆಟ್ಟದ್ದು, ನಮ್ಮ ಬಾಯಲ್ಲಿರುವ ಬದ್ಮಾಶ್ ಬಂದದ್ದು ಅಲ್ಲಿಂದ. ಇಂಗ್ಲಿಷಿನ ‘ಬ್ಯಾಡ್’ ಕೂಡ ಕೆಟ್ಟದ್ದೇ. ಎರಡೂ ಪದಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ನಂಟು ಹೇಳಬೇಕಾದರೆ ಒಂದು ಪದ ಸಾಲದು, ಸಾಲುಸಾಲು ಪದಗಳು ಒಂದೇ ಥರ ಬದಲಾಗಿರಬೇಕು. ನಮ್ಮ ಕಿವಿ ತಮಿಳಿನಲ್ಲಿ ಚೆವಿ, ನಮ್ಮ ಕಿರು ಅಲ್ಲಿ ಚಿಱು (ಈ ‘ಱ’ ಅಂದರೆ ಗಡಸು ‘ರ’), ‘ಮಾಡು’ ಅನ್ನುವ ಅರ್ಥದ ನಮ್ಮ ಗೆಯ್ ಅಲ್ಲಿ ಚೆಯ್. ನೋಡಲು ಬೇರೆ, ಆದರೂ ಒಂದೇ ಮನೆಯವು. ‘ಕರಿ’ಯ ಒಡಹುಟ್ಟಿದವರೂ ಹತ್ತಿರದಲ್ಲೇ ಇದ್ದಾರೆ: ತಮಿಳಿನ ಕರು, ಮಲಯಾಳದ ಕರಿ. ಮಲಯಾಳಿಗಳು ಇದ್ದಿಲಿಗೂ ಕರಿ ಅನ್ನುತ್ತಾರೆ.

ಇನ್ನು ಆನೆ. ಆನೆ ಕಪ್ಪಗಿದೆ, ಅದಕ್ಕೇ ಅದನ್ನು ಕರಿ ಅನ್ನುತ್ತಾರೆ ಅಂತ ಬರೆದಿದ್ದೀರಿ. ಆ ಕರಿ ಸಂಸ್ಕೃತದ್ದು. ಕರ ಅಂದರೆ ಕೈ, ಕೈ ಇರುವುದು ಕರಿ. ಹಸ್ತ ಇರುವುದು ಹಸ್ತಿ ಆದ ಹಾಗೆಯೇ. ಸೊಂಡಿಲನ್ನು ಕೈ ಅಂದುಕೊಂಡವರು ಇಟ್ಟ ಹೆಸರು ಅದು, ಬಣ್ಣ ನೋಡಿ ಇಟ್ಟದ್ದಲ್ಲ. ಆಲೂರು, ಸಕಲೇಶಪುರದ ತೋಟಗಳಿಗೆ ನುಗ್ಗುವ ಆನೆಗಳನ್ನು ನೀವೇ ನೋಡಿರುತ್ತೀರಿ, ಮಣ್ಣು ಎರಚಿಕೊಂಡು ಕೆಂಪಗೆ ಇರುತ್ತವೆ!

ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಹಲ್ಮಿಡಿ ಶಾಸನ ನಮ್ಮ ಬೇಲೂರು ತಾಲ್ಲೂಕಿನದು ಅನ್ನೋ ಹೆಮ್ಮೆ ಹಾಸನದಲ್ಲಿ ಕೂತಿರುವ ನನಗೂ ಇದೆ. ಆದರೆ ಅದು ಸುಮಾರು 450ನೇ ಇಸವಿಯದು ಅನ್ನುವುದರಿಂದ ಜಪಾನಿಗೆ ಕನ್ನಡ ತಾಯಿ ಆಗುವುದಿಲ್ಲ.

ಈಗ ಆ ಮೂರನೇ ಪುಟ. ನಿಮ್ಮಜ್ಜಿ ಕಣದಲ್ಲಿ ಮೆಣಸು ಹರವುವುದು, ಹಸಿರಿದ್ದ ಕಾಳು ಬಿಸಿಲಿಗೆ ಸುಕ್ಕುಗಟ್ಟುತ್ತಾ ಕರ್ರಗಾಗುವುದು, ಅಜ್ಜಿ ಒಂದು ಕಾಳನ್ನು ಹಲ್ಲಲ್ಲಿ ಕಟಕ್ ಅನ್ನಿಸಿ ‘ಇನ್ನೊಂದು ಬಿಸಿಲು ಬೇಕು’ ಅನ್ನುವುದು. ಓದುವಾಗ ನನ್ನ ನಾಲಿಗೆಯೂ ಚುರ್ ಅಂದಿತು. ಅದನ್ನು ನಾಲ್ಕೇ ಸಾಲಿಗೆ ಮುಗಿಸಿ ಮತ್ತೆ ಟರ್ಕಿಗೆ ಓಡಿಬಿಟ್ಟಿದ್ದೀರಿ.

ಓಡಬೇಕಾಗಿರಲಿಲ್ಲ. ನೀವು ಹುಡುಕುತ್ತಿದ್ದ, ಜಗತ್ತು ಸುತ್ತಿದ ಪದ ಅಲ್ಲೇ ಇತ್ತು. ಇಂಗ್ಲಿಷರು ಊಟಕ್ಕೆ ಬಳಸುವ ‘ಕರಿ’ ಹೋದದ್ದು ತಮಿಳಿನ ‘ಕಱಿ’ಯಿಂದ. ಇದು ಬಣ್ಣದ ಕರಿಯಲ್ಲ. ಹಳಗನ್ನಡದಲ್ಲೂ ಇದ್ದು ನಾವು ಕೈಬಿಟ್ಟ, ಶಕಟರೇಫ ಅನ್ನುವ ಆ ಗಡಸು ‘ಱ’ ಇರುವ ಪದ. ಹಳೆಯ ತಮಿಳಿನಲ್ಲಿ ಈ ಕಱಿಗೆ ಮೆಣಸು ಅನ್ನುವ ಅರ್ಥವಿತ್ತು! ಸಂಗಂ ಕಾಲದ ಒಂದು ಹಳೆಯ ತಮಿಳು ಪದ್ಯದಲ್ಲಿ ಯವನರ, ಅಂದರೆ ಗ್ರೀಕ್-ರೋಮನ್ನರ, ಹಡಗು ಕೇರಳ ಕರಾವಳಿಯ ಮುಸಿರಿ ಬಂದರಿಗೆ ಹೊನ್ನು ತಂದು, ಕಱಿ ತುಂಬಿಕೊಂಡು ಹಿಂದಿರುಗುತ್ತದೆ. ಮೆಣಸಿನ ಬಳ್ಳಿ ಪಕ್ಕದಲ್ಲೇ ಕೂತು ‘ಕರಿ’ ಬಗ್ಗೆ ಆರು ಪುಟ ಬರೆದು, ಇದೊಂದನ್ನೇ ಬಿಟ್ಟಿದ್ದೀರಲ್ಲ ಮಾರಾಯರೇ!

ಹೊಸದಾಗಿ ಬರೆಯಿರಿ, ಕಣದಿಂದಲೇ ಶುರು ಮಾಡಿ. ಟರ್ಕಿ, ಜಪಾನಿ ಬೇಕಿದ್ದರೆ ಇರಲಿ, ಆದರೆ ಹೊಂದುವ ಪದದ ಜೊತೆ ಹೊಂದದ ಪದವನ್ನೂ ಇಡಿ, ನಿಜ ಹೇಳಬೇಕೆಂದರೆ ಆ ಬೇಟೆ, ಬಂಡೆ, ಹೆಂಡತಿಯೇ ಜಾಸ್ತಿ ಮಜಾ ಕೊಡುತ್ತವೆ. ಸಾವಿರ ಪದ ಸಾಕು. ಹಸಿಯದಕ್ಕೂ ಒಣಗಿದ್ದಕ್ಕೂ ಅಜ್ಜಿ ಬೇರೆ ಬೇರೆ ಹೆಸರು ಹೇಳುತ್ತಾರಾ, ಕೇಳಿ ನೋಡಿ. ಹೇಳಿದರೆ ಅದನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದು ಕಳಿಸಿ, ತಿದ್ದಬೇಡಿ.