ಮೆಟ್ಟುಗತ್ತಿ ಕಂಡರೆ ಎದ್ದು ಹೋಗುವ ಹುಡುಗನಿಗೆ

ಪ್ರಶ್ನೆ: ಶಿರಸಿ ಸಮೀಪದ ಹಳ್ಳಿಯವನು ನಾನು, ಪ್ರಥಮ ಪಿಯುಸಿ ಓದುತ್ತಿದ್ದೇನೆ. ಅಪ್ಪ ಮತ್ತು ದೊಡ್ಡಪ್ಪನ ನಡುವಿನ ತೋಟದ ಹಿಸ್ಸೆ ತಕರಾರು ಕೋರ್ಟಿಗೆ ಹೋಗಿದ್ದು, ಒಂದೇ ಸೂರಿನಡಿ ಎರಡು ಒಲೆಗಳಾಗಿವೆ. ಜಗಲಿಯ ಮೇಲೆ ದೊಡ್ಡಪ್ಪ ಅಪ್ಪನಿಗೆ ಆಡಿದ ಮಾತುಗಳನ್ನು ಕೇಳಿ ನನಗೂ ಸಿಟ್ಟಿದೆ. ಕಳೆದ ಅಡಿಕೆ ಸುಗ್ಗಿಯಿಂದ, ಸುಲಿಯುವ ಮೆಟ್ಟುಗತ್ತಿಯನ್ನು ಕಂಡೊಡನೆ ‘ಇದರಿಂದ ದೊಡ್ಡಪ್ಪನಿಗೆ ಏನಾದರೂ ಮಾಡಿಬಿಟ್ಟರೆ?’ ಎಂಬ ಯೋಚನೆ ನುಗ್ಗುತ್ತದೆ, ಎದ್ದು ಹೋಗುತ್ತೇನೆ. ಅದು ಹೋಗಲೆಂದು ಇಪ್ಪತ್ತೊಂದರವರೆಗೆ ಎಣಿಸುತ್ತೇನೆ. ತಪ್ಪಿದರೆ ಮತ್ತೆ ಮೊದಲಿನಿಂದ. ರಾತ್ರಿ ಎದ್ದು ಕತ್ತಿಗಳೆಲ್ಲ ಅಟ್ಟದ ಮೇಲಿವೆಯೇ ಎಂದು ನೋಡಿ ಬರುತ್ತೇನೆ. ವೈದ್ಯರೊಬ್ಬರು ಇದು ಒಸಿಡಿ, ಅಂದರೆ ಗೀಳು ಕಾಯಿಲೆ ಎಂದರು. ಅಪ್ಪ ಮತ್ತೆ ಕರೆದೊಯ್ಯಲಿಲ್ಲ. ಆಯಿ ಜ್ಯೋತಿಷಿಗಳಲ್ಲಿ ಪ್ರಶ್ನೆ ಕೇಳಿಸೋಣ ಎನ್ನುತ್ತಾಳೆ. ಈ ವರ್ಷ ಅಂಕೋಲಾ ಕಡೆಯ ಸಹಪಾಠಿಯೊಬ್ಬ ಗೆಳೆಯನಾಗಿದ್ದಾನೆ. ಅವನಿಗೆ ಏನೂ ಗೊತ್ತಿಲ್ಲ. ಆದರೂ ‘ನಾನು ಕೆಟ್ಟವನಲ್ಲ, ಅಲ್ಲವಾ?’ ಎಂದು ದಿನಕ್ಕೆ ಹತ್ತು ಸಲ ಕೇಳುತ್ತೇನೆ, ಅವನು ‘ಅಲ್ಲ ಮಾರಾಯ’ ಎನ್ನುತ್ತಾನೆ. ನಿಜ ತಿಳಿದರೆ ಹೆದರಿಯಾನು. ಅದಕ್ಕೆ ಮೊದಲು ನಾನೇ ದೂರ ಸರಿಯಲೇ?

ಉತ್ತರ: ಬೇಡ, ತಮ್ಮಾ. ವಯಸ್ಸಿನಲ್ಲಿ ಹಿರಿಯಳಾದ ಸಲುಗೆಯಿಂದ ಏಕವಚನದಲ್ಲೇ ಬರೆಯುತ್ತಿದ್ದೇನೆ.

ಕೆಟ್ಟ ಯೋಚನೆ ಒಮ್ಮೆ ಸುಳಿದು ಹೋಗುವುದು ಎಲ್ಲರ ತಲೆಯಲ್ಲೂ ಇದ್ದದ್ದೇ. ಬಾವಿಕಟ್ಟೆಯಲ್ಲಿ ನಿಂತಾಗ ‘ಹಾರಿದರೆ?’ ಎಂದು ಅನ್ನಿಸದವರು ಕಡಿಮೆ. ಉಳಿದವರು ಅದನ್ನು ಅಲ್ಲಿಯೇ ಬಿಟ್ಟು ಕೊಡಪಾನ ಎತ್ತಿಕೊಂಡು ಹೋಗುತ್ತಾರೆ, ಗೀಳು ಇರುವವನು ಮಾತ್ರ ‘ಇಂಥದ್ದು ನನಗೇಕೆ ಬಂತು’ ಎಂದು ನಿಂತುಬಿಡುತ್ತಾನೆ. ಒಸಿಡಿ ಆರಿಸಿಕೊಳ್ಳುವುದು ಮನುಷ್ಯನಿಗೆ ಅತ್ಯಂತ ಅಸಹ್ಯವೆನಿಸುವ ಯೋಚನೆಯನ್ನೇ ಆದ್ದರಿಂದ, ಕತ್ತಿಯನ್ನು ಕಂಡು ನೀನು ಎದ್ದು ಹೋಗುವುದು ನಿನಗೆ ಆ ಕೆಲಸ ಬೇಡವಾಗಿದೆ ಎಂಬುದರ ಗುರುತೇ ಹೊರತು ಅದರ ಆಸೆಯ ಗುರುತಲ್ಲ. ಈ ಮಾತನ್ನು ನಾನು ಒಂದೇ ಸಲ ಬರೆಯುತ್ತಿದ್ದೇನೆ. ಇದನ್ನೇ ಕೇಳಿ ಮತ್ತೊಂದು ಪತ್ರ ಬರೆದರೆ ಉತ್ತರಿಸುವುದಿಲ್ಲ. ಏಕೆ ಎಂಬುದು ಮುಂದೆ ತಿಳಿಯುತ್ತದೆ.

ನಿನ್ನ ಪತ್ರದಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿವೆ. ದೊಡ್ಡಪ್ಪನ ಮೇಲೆ ನಿನಗೆ ನಿಜವಾದ ಸಿಟ್ಟಿದೆ. ಜಗಲಿಯ ಮೇಲೆ ಅಪ್ಪನಿಗೆ ಆಡಿದ ಮಾತುಗಳನ್ನು ಕೇಳಿದ ಯಾವ ಮಗನಿಗಾದರೂ ಅದು ಬರುವಂಥದ್ದೇ. ಆ ಸಿಟ್ಟನ್ನು ತೋರಿಸಿಯೇ ಗೀಳು ನಿನ್ನನ್ನು ಹೆದರಿಸುತ್ತಿದೆ. ಸಿಟ್ಟನ್ನು ಎಣಿಸಿ ಕಳೆಯಬೇಕಾಗಿಲ್ಲ, ಅದು ಇದ್ದರೆ ಇರಲಿ. ಮನೆಯ ಜಗಳ ಒಸಿಡಿಯನ್ನು ಹೆಚ್ಚಿಸಬಲ್ಲದು, ಆದರೆ ಜಗಳವೊಂದರಿಂದಲೇ ಅದು ಹುಟ್ಟಿತು ಎನ್ನಲಾಗದು. ಹಾಗಾಗಿ ದಾವೆ ಮುಗಿದ ಮೇಲೆ ಎಲ್ಲವೂ ಸರಿಯಾದೀತೆಂದು ಕಾಯುತ್ತ ಕೂರಬೇಡ. ಹಿಸ್ಸೆ ದಾವೆಗಳು ಎಷ್ಟು ವರ್ಷ ಎಳೆಯುತ್ತವೆ ಎಂಬುದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾದ ಸಂಗತಿಯಲ್ಲ.

ಈ ಕಾಯಿಲೆಗೆ ಚೆನ್ನಾಗಿ ನಾಟುವ ಚಿಕಿತ್ಸೆ ಇದೆ. ಹೆದರಿಕೆಯ ವಸ್ತುವಿನ ಎದುರು ಹಂತಹಂತವಾಗಿ ಕುಳಿತು, ಎಣಿಸದೆ, ಪರೀಕ್ಷಿಸದೆ, ಆತಂಕ ಏರಿದರೂ ತಾಳಿಕೊಂಡಿರುವ ಅಭ್ಯಾಸವನ್ನು ತಜ್ಞರು ಮಾಡಿಸುತ್ತಾರೆ. 1966ರಲ್ಲಿ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಇಂಥ ವಿಧಾನದಿಂದ ಇಬ್ಬರು ರೋಗಿಗಳು ಸುಧಾರಿಸಿದ್ದನ್ನು ಪ್ರಕಟಿಸಿದ ಮೇಲೆ ಅದು ಬೆಳೆದು ಬಂದಿದೆ. ಅಗತ್ಯವಿದ್ದರೆ ಫ್ಲುಆಕ್ಸೆಟಿನ್, ಸರ್ಟ್ರಾಲಿನ್‌ನಂಥ ಮಾತ್ರೆಗಳನ್ನೂ ಕೊಡುತ್ತಾರೆ. ಅವುಗಳ ಪೂರ್ಣ ಪರಿಣಾಮಕ್ಕೆ 8ರಿಂದ 12 ವಾರ ಬೇಕಾಗಬಹುದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹದಿನೈದು ದಿನಕ್ಕೇ ‘ಗುಣ ಕಾಣಲಿಲ್ಲ’ ಎಂದು ನಿಲ್ಲಿಸುವವರು ಬಹಳ.

ಅಪ್ಪನಿಗೆ ಈಗ ಕೋರ್ಟಿನ ತಾರೀಕುಗಳೇ ತಲೆ ತುಂಬಿವೆ. ಆಯಿಗೆ ಹೇಳು. ಪ್ರಶ್ನೆ ಕೇಳಿಸುವುದಾದರೆ ಕೇಳಿಸಲಿ, ಆ ನೆಪದಲ್ಲಿ ಆಸ್ಪತ್ರೆ ಮುಂದಕ್ಕೆ ಹೋಗದಿದ್ದರೆ ಸಾಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ಶಿರಸಿಯಲ್ಲಿ ಯಾವ ದಿನವೆಂದು ವಿಚಾರಿಸಿಕೊಂಡು ಹೋಗಿ. ಅಲ್ಲಿ ಕತ್ತಿಯ ಯೋಚನೆಯನ್ನು ಮುಚ್ಚಿಡಬೇಡ. ಅವರು ಇಂಥದ್ದನ್ನು ಎಷ್ಟೋ ಸಲ ಕೇಳಿರುತ್ತಾರೆ.

ಇನ್ನು ಗೆಳೆಯನ ವಿಷಯ. ನೀನು ಹೆದರುತ್ತಿರುವುದು ಅವನು ದೂರವಾದಾನು ಎಂದು. ನನಗೆ ಹೆಚ್ಚು ಕಳವಳ ತಂದದ್ದು ಆ ಹತ್ತು ಪ್ರಶ್ನೆಗಳು. ‘ಅಲ್ಲ ಮಾರಾಯ’ ಎಂಬ ಉತ್ತರ ಐದು ನಿಮಿಷ ತಂಪೆರೆದು ಮುಂದಿನ ಪ್ರಶ್ನೆಗೆ ದಾರಿ ಮಾಡುತ್ತದೆ. ಅದೂ ನಿನ್ನ ಇಪ್ಪತ್ತೊಂದರ ಎಣಿಕೆಯಂಥದ್ದೇ, ಇಲ್ಲಿ ಎಣಿಸುವ ಬಾಯಿ ಮಾತ್ರ ಅವನದು. ಪಾಪ, ಪ್ರೀತಿಯಿಂದಲೇ ಅವನು ನಿನ್ನ ಕಾಯಿಲೆಯ ಕೂಲಿ ಮಾಡುತ್ತಿದ್ದಾನೆ, ಅದೂ ತನಗೆ ತಿಳಿಯದೆ. ಹಾಗಾಗಿ ಅವನಿಗೆ ತಿಳಿಸುವುದೇ ನ್ಯಾಯ. ಎಲ್ಲವನ್ನೂ ಒಂದೇ ದಿನ ಸುರಿಯಬೇಕಾಗಿಲ್ಲ. ‘ನನಗೆ ಒಸಿಡಿ ಇದೆ, ಬೇಡದ ಯೋಚನೆಗಳು ಬರುತ್ತವೆ, ಅದಕ್ಕೇ ನಿನ್ನನ್ನು ಪದೇ ಪದೇ ಕೇಳುತ್ತೇನೆ’ ಎಂದರೆ ಈಗ ಸಾಕು. ಕತ್ತಿ, ದೊಡ್ಡಪ್ಪ ಇವೆಲ್ಲವನ್ನು ಹೇಳುವುದೂ ಬಿಡುವುದೂ ಮುಂದೆ ನಿನಗೆ ಬಿಟ್ಟದ್ದು. ಅವನು ಒಂದೆರಡು ದಿನ ಗೊಂದಲಗೊಂಡರೆ ಅದನ್ನು ತಿರಸ್ಕಾರವೆಂದು ಓದಿಕೊಳ್ಳಬೇಡ, ಹದಿನಾರರ ಹುಡುಗನಿಗೆ ಅಷ್ಟು ಸಮಯ ಬೇಕಾಗುತ್ತದೆ.

ಜೊತೆಗೆ ಅವನಿಂದ ಒಂದು ಸಹಾಯ ಕೇಳಿಕೋ. ಮುಂದಿನ ಸಲ ನೀನು ಆ ಪ್ರಶ್ನೆ ಕೇಳಿದಾಗ ಅವನು ಹೌದು ಎನ್ನಬಾರದು, ಅಲ್ಲ ಎನ್ನಲೂಬಾರದು. ‘ಅದು ಒಸಿಡಿ ಕೇಳಿದ್ದು, ನಾನು ಹೇಳುವುದಿಲ್ಲ. ಬಸ್ಸಿಗೆ ಹೊತ್ತಾಯಿತು, ನಡಿ’ ಎಂದಷ್ಟೇ ಹೇಳಲಿ. ಆಗ ನಿನಗೆ ಅವನ ಮೇಲೆ ಸಿಟ್ಟು ಬರುತ್ತದೆ. ಆದರೂ ಅವನೊಂದಿಗೆ ಬಸ್ ಸ್ಟ್ಯಾಂಡಿನವರೆಗೆ ನಡೆ.