ದಾವಣಗೆರೆಯ ಪ್ರಾಣಿ ಆಶ್ರಯ ಕೇಂದ್ರದಲ್ಲಿ ಕೆಲಸ ಮಾಡೋರು ಎಂಥವರು? ಪ್ರಾಣಿ ಅಂದ್ರೆ ಜೀವ ಬಿಡೋರೇ ಆಗಿರಬೇಕಾ?

ಹಾಗೇನೂ ಇಲ್ಲ. ನಮ್ಮಲ್ಲಿ ತುಂಬಾ ದಿನದಿಂದ ಇರೋ ಅಕ್ಕ ಒಬ್ಬರಿಗೆ ನಾಯಿ ಕಂಡ್ರೆ ಅಂಥಾ ಪ್ರೀತಿಯೇನಿಲ್ಲ. ಮನೇಲಿ ಒಂದೂ ಸಾಕಿಲ್ಲ. ಆದ್ರೆ ಅವರು ಎರಡು ದಿನ ರಜಾ ಹಾಕಿದ್ರೆ ನಮ್ಮ ಕೇಂದ್ರ ನಿಂತುಹೋಗುತ್ತೆ.

ಡಿಗ್ರಿ ಮುಗಿದಿದೆ, ನಾಯಿ ಅಂದ್ರೆ ಇಷ್ಟ, ಊರಲ್ಲೇ ಇಂಥ ಕಡೆ ಕೆಲಸಕ್ಕೆ ಸೇರಬೇಕು ಅಂತಿದೀನಿ, ಅಲ್ಲಿರೋರ ಜೊತೆ ಹೊಂದಿಕೊಳ್ತೀನಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯ ಹೊರಗಿರೋ ಒಂದು ಸಣ್ಣ ಕೇಂದ್ರದಲ್ಲಿ ಲೆಕ್ಕ ಬರೀತೀನಿ, ಫೋನ್ ಎತ್ತುತೀನಿ. ಕೇಂದ್ರದ ಹೆಸರು ಹೇಳಲ್ಲ. ಹೇಳಿದ್ರೆ ನಾಳೆ ಬೆಳಗ್ಗೆ ಗೇಟಿನ ಮುಂದೆ ಮರಿ ತುಂಬಿದ ಇನ್ನೆರಡು ರಟ್ಟಿನ ಡಬ್ಬ ಬಂದು ಕೂತಿರ್ತವೆ.

ಆ ಅಕ್ಕನ ಕೆಲಸ ಹೇಳ್ತೀನಿ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಮೊದಲು ಮಂಡಕ್ಕಿ ಭಟ್ಟಿಯಲ್ಲಿ ದುಡೀತಿದ್ರು. ಬಿಸಿ, ಹೊಗೆ, ಕೆಮ್ಮು ಸಾಕಾಗಿ ಇಲ್ಲಿಗೆ ಬಂದ್ರು. ಬೆಳಗ್ಗೆ ಬಂದ ಕೂಡಲೇ ಸೆರಗು ಸಿಕ್ಕಿಸಿ ಗೂಡು ತೊಳೆಯೋಕೆ ಶುರು ಮಾಡ್ತಾರೆ. ಅದಕ್ಕೊಂದು ಕ್ರಮ ಇದೆ. ಮೊದಲು ಆರೋಗ್ಯವಾಗಿರೋ ಮರಿಗಳು, ಆಮೇಲೆ ದೊಡ್ಡ ನಾಯಿಗಳು, ಆಪರೇಷನ್ ಆದವು, ಕಟ್ಟಕಡೆಗೆ ಪಾರ್ವೋ ಅನ್ನೋ ಅಂಟುರೋಗ ಬಂದ ಮರಿಗಳ ಕೋಣೆ. ಪಾರ್ವೋ ಕೋಣೆಗೆ ಬೇರೆ ಚಪ್ಪಲಿ, ಬೇರೆ ಪೊರಕೆ, ಬೇರೆ ಬಕೆಟ್. ಆ ನೀಲಿ ಚಪ್ಪಲಿ ಹಾಕ್ಕೊಂಡು ಒಳಗೆ ಹೋದ್ರು ಅಂದ್ರೆ ಸ್ನಾನ ಆಗೋವರೆಗೆ ಇನ್ನೊಂದು ಮರಿ ಮುಟ್ಟಲ್ಲ. ಡಾಕ್ಟರು ಮರೆತು ಆ ಕಡೆಯಿಂದ ಈ ಕಡೆ ಕಾಲಿಟ್ರೆ ಡಾಕ್ಟರಿಗೂ ಬೈಗುಳ.

ಪಾರ್ವೋ ಅಂದ್ರೆ ಮರಿಗಳಿಗೆ ವಾಂತಿ, ರಕ್ತಭೇದಿ ಬರೋ ವೈರಸ್. ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. ಫಿನಾಯಿಲ್ ಹಾಕಿದ್ರೆ ಸಾಯಲ್ಲ, ವಾಸನೆ ಮಾತ್ರ ಬದಲಾಗುತ್ತೆ. ಮೇಲಾಗಿ ಫಿನಾಯಿಲ್ ಬೆಕ್ಕಿಗೆ ವಿಷ. ಇದಕ್ಕೆ ಬೇಕಾಗಿದ್ದು ಬ್ಲೀಚ್ ನೀರು. ಅದೂ ಹೇಸಿಗೆಯ ಮೇಲೆ ಸುರಿದ್ರೆ ಕೆಲಸ ಮಾಡಲ್ಲ. ಮೊದಲು ಮರದ ಹೊಟ್ಟು ಹಾಕಿ ಬಳಿದು ತೆಗೀಬೇಕು, ಸೋಪಿನ ನೀರಲ್ಲಿ ಉಜ್ಜಬೇಕು, ಆಮೇಲೆ ಬ್ಲೀಚ್ ಹೊಯ್ದು ಹತ್ತು ನಿಮಿಷ ಹಾಗೇ ಬಿಡಬೇಕು. ಹೊಸಬರು ಆ ಹತ್ತು ನಿಮಿಷ ಕಾಯಲ್ಲ, ತೊಳೆದುಬಿಡ್ತಾರೆ. ಅಕ್ಕ ಕಾಯ್ತಾರೆ. ಎಲೆ ಅಡಿಕೆ ಹಾಕ್ಕೊಂಡು ಗೋಡೆಗೆ ಒರಗಿ ನಿಂತಿರ್ತಾರೆ.

ಪರೀಕ್ಷೆಗಿಂತ ಮೊದಲೇ ಅಕ್ಕ ವಾಸನೆ ಹಿಡಿದು ಹೇಳ್ತಾರೆ, "ಇದಕ್ಕೆ ಅದಾ ಬಂದೈತ್ರಿ, ದೂರ ಇಡ್ರಿ" ಅಂತ. ಡಾಕ್ಟರು ಆಮೇಲೆ ಕಿಟ್ ಹಾಕಿ ನೋಡ್ತಾರೆ, ಆದ್ರೆ ಮರಿಯನ್ನ ದೂರ ಇಡೋದು ಅಕ್ಕನ ಮಾತಿಗೇ. ಇದನ್ನ ಪ್ರೀತಿ ಅನ್ನಿ, ಶಿಸ್ತು ಅನ್ನಿ, ನಿಮ್ಮಿಷ್ಟ. ಆದ್ರೆ ಮರಿ ಎತ್ಕೊಂಡು ಮುದ್ದಾಡಿ, ಅದೇ ಕೈಯಲ್ಲಿ ಪಕ್ಕದ ಗೂಡಿನ ಮರಿಯನ್ನೂ ಮುದ್ದಾಡೋ ಪ್ರಾಣಿಪ್ರಿಯರಿಗಿಂತ ಈ ಅಕ್ಕನಿಂದ ಉಳಿದ ಜೀವ ಜಾಸ್ತಿ.

ಎರಡನೆಯವನು ನಾಯಿ ಹಿಡಿಯೋನು. ಅವನ ಬಗ್ಗೆ ಊರಿಗೆ ಇರೋ ಕಲ್ಪನೆ ಹಳೇ ಕಾಲದ್ದು, ಇಕ್ಕಳದಲ್ಲಿ ಕುತ್ತಿಗೆ ಹಿಡಿದು ಗಾಡಿಗೆ ಎಸೆಯೋನು ಅಂತ. ಈಗ ಹಾಗಿಲ್ಲ. 2023ರ ಎಬಿಸಿ, ಅಂದ್ರೆ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಇಕ್ಕಳ, ತಂತಿ ಬಳಸೋ ಹಾಗೇ ಇಲ್ಲ. ಬಲೆ ಅಥವಾ ಕೈ. ಆರು ತಿಂಗಳು ತುಂಬದ ಮರಿ ಹಿಡಿಯಂಗಿಲ್ಲ. ಮರಿಯಾಗದ ಹಾಗೆ ಆಪರೇಷನ್ ಮಾಡಿ, ರೇಬಿಸ್ ಲಸಿಕೆ ಹಾಕಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಹಿಡಿದ ಜಾಗಕ್ಕೇ ತಂದು ಬಿಡಬೇಕು. ಈ "ಹಿಡಿದ ಜಾಗಕ್ಕೇ" ಅನ್ನೋದು ಕಾಗದದ ಮೇಲೆ ಸುಲಭ. ಒಂದೇ ಥರದ ಎಂಟು ಕಂದು ನಾಯಿ ಗಾಡಿಯಲ್ಲಿದ್ರೆ ಯಾವುದು ನಿಟ್ಟುವಳ್ಳಿದು, ಯಾವುದು ಕೆಟಿಜೆ ನಗರದ್ದು? ಇವನು ಕಂಡುಕೊಂಡ ದಾರಿ ಚೆನ್ನಾಗಿದೆ. ಹಿಡಿದ ಕೂಡಲೇ ಹತ್ತಿರದ ಕರೆಂಟ್ ಕಂಬದ ನಂಬರ್ ಬಟ್ಟೆಪಟ್ಟಿ ಮೇಲೆ ಬರೆದು ನಾಯಿಯ ಕುತ್ತಿಗೆಗೆ ಕಟ್ತಾನೆ. ಬಿಡೋವಾಗ ಅದೇ ಕಂಬ ಹುಡುಕ್ಕೊಂಡು ಹೋಗ್ತಾನೆ.

ಜಾಗ ತಪ್ಪಿದ್ರೆ ಏನಾಗುತ್ತೆ ಅಂತೀರಾ? ಹೊಸ ಬೀದಿಯ ನಾಯಿಗಳು ಸೇರಿ ಹರಿದು ಹಾಕ್ತವೆ. ಹಳೇ ಬೀದಿಯಲ್ಲಿ ಖಾಲಿಯಾದ ಜಾಗಕ್ಕೆ ಆಪರೇಷನ್ ಆಗದ, ಲಸಿಕೆ ಇಲ್ಲದ ನಾಯಿ ಬಂದು ಸೇರುತ್ತೆ. ಇದನ್ನ ಪುಸ್ತಕದಲ್ಲಿ ಓದಿದವನಲ್ಲ ಅವನು. ಪಿ.ಜೆ. ಬಡಾವಣೆಯ ಯಾವ ಗೇಟಿನ ಮುಂದೆ ಯಾವುದು ಮಲಗುತ್ತೆ, ಕೆ.ಆರ್. ಮಾರ್ಕೆಟ್ ಹಿಂದೆ ಯಾವುದು ಯಜಮಾನ, ಎಲ್ಲ ಅವನ ಬಾಯಲ್ಲೇ ಇದೆ. ಹೆಣ್ಣು ನೋಡೋಕೆ ಹೋದಾಗ ಮಾತ್ರ "ಪಾಲಿಕೆ ಕಾಂಟ್ರಾಕ್ಟ್ ಕೆಲಸ" ಅಂತ ಹೇಳ್ತಾನೆ. ಅಕ್ಕನಿಗೂ ಓಣಿಯಲ್ಲಿ "ನಾಯಿ ಹೇಲು ಬಳಿಯೋಕೆ ಹೋಗ್ತಾಳೆ" ಅನ್ನೋ ಮಾತಿದೆ. ಭಾನುವಾರ ಬಂದು ಮರಿ ಜೊತೆ ಸೆಲ್ಫಿ ತೆಗೆದುಕೊಂಡವರಿಗೆ ಇನ್‌ಸ್ಟಾಗ್ರಾಂನಲ್ಲಿ ದೇವರಂಥವರು ಅನ್ನೋ ಕಾಮೆಂಟ್ ಬೀಳುತ್ತೆ. ನನಗೆ ಇದು ನೋಡಿ ಸಿಟ್ಟು ಬರುತ್ತೆ, ಬರಬೇಕು ಕೂಡ.

ಡಾಕ್ಟರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಪೂರ್ತಿ ದಿನ ಇರೋ ಡಾಕ್ಟರ್ ಸಿಗೋದೇ ಕಷ್ಟ. ಹತ್ತಿರದ ಪಶುವೈದ್ಯಕೀಯ ಕಾಲೇಜು ಇರೋದು ಶಿವಮೊಗ್ಗದಲ್ಲಿ, ಮುಗಿಸಿ ಬಂದ ಹುಡುಗರು ಸರ್ಕಾರಿ ಕೆಲಸ ಇಲ್ಲಾಂದ್ರೆ ಬೆಂಗಳೂರಿನ ಕ್ಲಿನಿಕ್ ನೋಡ್ತಾರೆ, ತಪ್ಪಲ್ಲ. ನಮ್ಮಲ್ಲಿ ಡ್ರೆಸ್ಸಿಂಗ್ ಮಾಡೋ ಹುಡುಗ ಇದಾನೆ, ಅವನದ್ದೇ ಕೈ. ಹುಳ ಬಿದ್ದ ಗಾಯದಲ್ಲಿ ಟರ್ಪೆಂಟೈನ್ ಹಾಕಿದಾಗ ಹುಳ ಮೇಲೆ ಬರ್ತವಲ್ಲ, ಒಂದೊಂದೇ ಫೋರ್ಸೆಪ್ಸ್‌ನಲ್ಲಿ ತೆಗೀತಾ ಕೂತ್ರೆ ಊಟದ ಹೊತ್ತು ಮರೀತಾನೆ. ಇಂಥದ್ದು ನೋಡಿದ್ರೆ ನಿಮಗೆ ಹೊಟ್ಟೆ ತೊಳಸುತ್ತಾ ಅನ್ನೋದನ್ನ ಮೊದಲು ತಿಳ್ಕೊಳ್ಳಿ. ಹೆದ್ದಾರಿ 48ರಲ್ಲಿ ಲಾರಿ ಹೊಡೆದು ಬೆನ್ನುಮೂಳೆ ಮುರಿದವು ಬರ್ತವೆ. ಕೆಲವಕ್ಕೆ ಡಾಕ್ಟರು ಕೊನೇ ಇಂಜೆಕ್ಷನ್ ಕೊಡಬೇಕಾಗುತ್ತೆ. ಆಗ ತಲೆ ಹಿಡ್ಕೊಳ್ಳೋಕೆ ಒಬ್ಬರು ಬೇಕು. ಆವತ್ತು ಯಾರು ಅಂತ ಯಾರೂ ಹೇಳಲ್ಲ, ಯಾರೋ ಒಬ್ಬರು ಬಂದು ಕೂತ್ಕೋತಾರೆ.

ಈಗ ನನ್ನ ಕೆಲಸ, ಅಂದ್ರೆ ಫೋನು. ನೀವು ಡಿಗ್ರಿ ಮಾಡಿದವರು, ನಿಮ್ಮನ್ನ ಸೇರಿಸಿಕೊಂಡ್ರೆ ಬಹುಶಃ ಇಲ್ಲೇ ಕೂರಿಸ್ತಾರೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳ್ತೀನಿ.

ಬೀದಿಯಲ್ಲಿರೋ ಯಾವ ನಾಯಿ ಏನು ಮಾಡಿದ್ರೂ ಅದು "ನಿಮ್ ನಾಯಿ". "ಸರ, ನಿಮ್ ನಾಯಿ ನಮ್ಮ ಚಪ್ಪಲಿ ಕಚ್ಕೊಂಡು ಹೋಗೈತಿ" ಅಂತ ಫೋನ್ ಬರುತ್ತೆ. "ನೀವು ಆನಗೋಡಿನ ಝೂನವರಾ? ಮಂಗ ಬಂದೈತಿ" ಅಂತಲೂ ಬರುತ್ತೆ. ಮಂಗ, ನವಿಲು, ಹಾವು, ಗಿಳಿ ಇವೆಲ್ಲ ಅರಣ್ಯ ಇಲಾಖೆಗೆ ಸೇರಿದ್ದು, ನಾವು ಇಟ್ಕೊಳ್ಳೋ ಹಾಗಿಲ್ಲ. ಹಸು, ಎಮ್ಮೆಗೆ ಹುಷಾರಿಲ್ಲಾಂದ್ರೆ 1962ಕ್ಕೆ ಮಾಡಿ ಅಂತೀವಿ, ಅದು ಪಶು ಸಂಜೀವಿನಿ ಗಾಡಿಯ ನಂಬರ್.

2025ರ ಆಗಸ್ಟ್‌ನಿಂದ ಫೋನಿನ ದನಿಯೇ ಬದಲಾಗಿದೆ. "ಸುಪ್ರೀಂ ಕೋರ್ಟೇ ಎಲ್ಲಾ ನಾಯಿ ಎತ್ಕೊಂಡು ಹೋಗ್ರಿ ಅಂದೈತಲ್ರೀ, ಯಾಕ್ ಬರಲ್ಲ?" ಅಂತ ಜಬರ್ದಸ್ತು. ಆಗಸ್ಟ್ 11ರ ಆದೇಶ ದೆಹಲಿ ಸುತ್ತಮುತ್ತಲಿಗೆ ಕೊಟ್ಟಿದ್ದು. 22ಕ್ಕೆ ಅದನ್ನೇ ಬದಲಾಯಿಸಿ, ಆಪರೇಷನ್, ಲಸಿಕೆ ಆದ ಮೇಲೆ ಅದೇ ಜಾಗಕ್ಕೆ ಬಿಡಿ, ರೇಬಿಸ್ ಇರೋವು ಮತ್ತೆ ಮೇಲೆ ಬೀಳೋವನ್ನ ಮಾತ್ರ ಬಿಡಬೇಡಿ ಅಂತ ಹೇಳಿದ್ರು. ನವೆಂಬರ್ 7ಕ್ಕೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್ ಇಂಥ ಕಡೆ ಇರೋವನ್ನ ತೆಗೆದು ಆಶ್ರಯದಲ್ಲಿಡಿ, ವಾಪಸ್ ಅಲ್ಲಿಗೇ ಬಿಡಬೇಡಿ ಅಂತ ಇನ್ನೊಂದು. ಇಷ್ಟನ್ನ ಪ್ರತಿ ಫೋನಿಗೂ ಸಮಾಧಾನವಾಗಿ ಹೇಳಬೇಕು. ಕೇಳೋರು ಅರ್ಧಕ್ಕೇ ಕಟ್ ಮಾಡ್ತಾರೆ. ಮಗುವಿಗೆ ನಾಯಿ ಕಚ್ಚಿದ ಮನೆಯವರಿಗೆ ಕಾನೂನು ಹೇಳೋಕೆ ನನಗೂ ಬಾಯಿ ಬರಲ್ಲ. ಅವರ ಸಿಟ್ಟಲ್ಲಿ ನ್ಯಾಯ ಇದೆ.

ಅಂಥವರಿಗೆ ಹೇಳೋದು ಬೇರೆ. ಗಾಯವನ್ನ ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ ಕಾಲು ಗಂಟೆ ತೊಳೀರಿ, ಅರಿಶಿನ, ಸುಣ್ಣ, ಖಾರದಪುಡಿ ಏನೂ ಮೆತ್ತಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ. ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನೋ ಕಾಲ ಹೋಯ್ತು, ಈಗ ತೋಳಿಗೆ ಕೊಡ್ತಾರೆ. ಕಚ್ಚಿದ ನಾಯಿಯನ್ನ ಹೊಡೆದು ಸಾಯಿಸಬೇಡಿ, ಹತ್ತು ದಿನ ಕಣ್ಣಿಡಿ. ಅಷ್ಟು ದಿನ ಆರೋಗ್ಯವಾಗಿದ್ರೆ ಕಚ್ಚಿದಾಗ ಅದರ ಜೊಲ್ಲಲ್ಲಿ ರೇಬಿಸ್ ಇರಲಿಲ್ಲ ಅಂತ. ಆದ್ರೆ ಲಸಿಕೆಗೆ ಆ ಹತ್ತು ದಿನ ಕಾಯಂಗಿಲ್ಲ. ಈ ನಾಲ್ಕು ಮಾತು ಸರಿಯಾಗಿ ಹೇಳೋಕೆ ಬಂದ್ರೆ ನೀವು ಮನುಷ್ಯರ ಜೀವವನ್ನೂ ಉಳಿಸ್ತೀರಿ.

ಇನ್ನು ರಟ್ಟಿನ ಡಬ್ಬದ ವಿಷಯ. ಕಾರ್ತಿಕ ಮಾಸದಲ್ಲಿ ಬೀದಿಯಲ್ಲಿ ನಡೆಯೋದು ನಿಮಗೆ ಗೊತ್ತೇ ಇದೆ. ಅಲ್ಲಿಂದ ಎರಡು ತಿಂಗಳು ಲೆಕ್ಕ ಹಾಕಿ, ಸಂಕ್ರಾಂತಿ ಹೊತ್ತಿಗೆ ಕಣ್ಣು ಬಿಡದ ಮರಿಗಳು ಗೇಟಿಗೆ ಬರೋಕೆ ಶುರು. ತಂದಿಡೋರು ಕೆಟ್ಟವರಲ್ಲ, ಕರುಣೆ ಇರೋರೇ. ಆದ್ರೆ ತಾಯಿಯನ್ನ ಬಿಟ್ಟು ಮರಿಯನ್ನ ಮಾತ್ರ ತರ್ತಾರೆ, ಹಾಲಿಲ್ಲದೆ, ಬಿಸಿಯಿಲ್ಲದೆ ಅವು ಉಳಿಯೋದು ಕಡಿಮೆ. "ಪುಣ್ಯ ಬರ್ಲಿ ಅಂತ ತಂದ್ವಿ ಸರ" ಅಂದಾಗ, ತಾಯಿ ಎಲ್ಲಿದೆ ತೋರ್ಸಿ, ಅಲ್ಲೇ ವಾಪಸ್ ಇಡೋಣ ಅಂತ ನಾವು ಅಂದ್ರೆ ನಾವೇ ಕಟುಕರು. ಕೋರ್ಸು ಮುಗಿದು ಊರಿಗೆ ಹೋಗೋ ಹುಡುಗರು ರೂಮಲ್ಲಿ ಸಾಕಿದ್ದ ಹಸ್ಕಿ, ಅಂದ್ರೆ ಹಿಮದ ನಾಡಿನ ನಾಯಿ, ತಂದು ಕಟ್ಟಿ ಹೋಗೋದೂ ಇದೆ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಹಸ್ಕಿ! ಇದರ ಬಗ್ಗೆ ನಾನು ಬಾಯಿ ಬಿಟ್ರೆ ಉತ್ತರ ಡಿಲೀಟ್ ಆಗುತ್ತೆ.

ದುಡ್ಡಿನ ಲೆಕ್ಕ ನನ್ನ ಕೈಯಲ್ಲೇ ಇರೋದ್ರಿಂದ ಒಂದು ಮಾತು. ದಾನಿಗಳು ಅಕ್ಕಿ ಮೂಟೆ ಕೊಡ್ತಾರೆ, ಬಿಸ್ಕತ್ ಡಬ್ಬ ಕೊಡ್ತಾರೆ, ಹುಟ್ಟುಹಬ್ಬಕ್ಕೆ ಒಂದು ದಿನದ ಊಟ ಕೊಡ್ತಾರೆ. ಬ್ಲೀಚಿಗೆ, ಕರೆಂಟ್ ಬಿಲ್ಲಿಗೆ, ಅಕ್ಕನ ಸಂಬಳಕ್ಕೆ ಕೊಡೋರು ಬೆರಳೆಣಿಕೆ. ಬಿಸ್ಕತ್ ಅಂತೂ ದಯವಿಟ್ಟು ಬೇಡ, ತಿಂದು ಭೇದಿಯಾದ್ರೆ ಮತ್ತೆ ತೊಳೆಯೋಳು ಅಕ್ಕನೇ. ಊಟ ನಡೆಯೋದು ಕೋಳಿ ಅಂಗಡಿಯವರು ಬಿಟ್ಟುಕೊಡೋ ತಲೆ, ಕಾಲಿನಲ್ಲಿ. ಅದನ್ನ ಅರಿಶಿನ ಹಾಕಿ ಅಕ್ಕಿ ಜೊತೆ ಬೇಯಿಸೋ ಅಜ್ಜ ಪಕ್ಕಾ ಲಿಂಗಾಯತರು, ಮೊಟ್ಟೆ ಸಹ ತಿನ್ನಲ್ಲ. ಮೂಗಿಗೆ ಟವೆಲ್ ಕಟ್ಕೊಂಡು ಬೇಯಿಸ್ತಾರೆ, ಉಪ್ಪು ಹಾಕಿಲ್ಲ ಅಂತ ದಿನಾ ಪೇಚಾಡ್ತಾರೆ.

ನೀವು ಹೊಂದಿಕೊಳ್ತೀರಾ ಅಂತ ಇಲ್ಲಿಂದ ಹೇಳೋಕೆ ಆಗಲ್ಲ. ಪ್ರೀತಿ ಒಂದನ್ನೇ ನಂಬ್ಕೊಂಡು ಬಂದವರು ಮೊದಲ ಪಾರ್ವೋ ಸೀಸನ್ನಿಗೇ ಹೋಗಿದ್ದನ್ನ ನೋಡಿದ್ದೀನಿ, ಅವರನ್ನ ಹಗುರವಾಗಿ ಮಾತಾಡಲ್ಲ. ಹಾಲು ಕುಡಿಸಿದ ಆರು ಮರಿಯಲ್ಲಿ ಐದು ಹೋದ್ರೆ ಯಾರಿಗಾದ್ರೂ ಆಗುತ್ತೆ. ಉಳಿದವರು ಗಟ್ಟಿ ಮನಸ್ಸಿನವರು ಅಂತಲೂ ಅಲ್ಲ. ಮರುದಿನ ತೊಳೆಯೋ ಕೆಲಸ ಇರುತ್ತೆ, ಬರ್ತಾರೆ.

ನೋಡೋಕೆ ಬರೋದಾದ್ರೆ ಭಾನುವಾರ ಯಾವ ಕೇಂದ್ರಕ್ಕೂ ಹೋಗಬೇಡಿ, ಆವತ್ತು ನೆಂಟರ ಮನೆ ಥರ ಇರುತ್ತೆ. ಸೋಮವಾರ ಬೆಳಗ್ಗೆ ಏಳಕ್ಕೆ ಹೋಗಿ, ಹಳೇ ಪ್ಯಾಂಟು ಹಾಕ್ಕೊಂಡು. ಪಾರ್ವೋ ಕೋಣೆಗೆ ಬೇರೆ ಚಪ್ಪಲಿ ಇದೆಯಾ ನೋಡಿ. ಕೆಲಸದವರಿಗೆಲ್ಲ ರೇಬಿಸ್ ಮುಂಜಾಗ್ರತಾ ಲಸಿಕೆ ಕೊಡಿಸಿದಾರಾ ಕೇಳಿ. ಮೂರು ಡೋಸು, ಮೊದಲ ದಿನ, ಏಳನೇ ದಿನ, ಆಮೇಲೆ 21 ಅಥವಾ 28ನೇ ದಿನ. ಅದು ಆಗಿದ್ರೆ ಮುಂದೆ ಕಚ್ಚಿಸಿಕೊಂಡಾಗ ಎರಡೇ ಡೋಸು ಸಾಕು. ಕೊಡಿಸಿಲ್ಲ ಅಂದ್ರೆ ಅಲ್ಲಿ ಸೇರಬೇಡಿ. ಸಂಬಳ ಎಷ್ಟು ಅಂತ ಮೊದಲ ದಿನವೇ ಕೇಳಿ, "ಇದು ಸೇವೆ" ಅಂತ ಮಾತು ತೇಲಿಸಿದ್ರೆ ಇನ್ನೊಂದು ಸಲ ಕೇಳಿ. ಟೆಟನಸ್ ಇಂಜೆಕ್ಷನ್ ಯಾವಾಗ ತಗೊಂಡಿದ್ದು ಅಂತ ಮನೇಲಿ ವಿಚಾರಿಸ್ಕೊಂಡು ಬನ್ನಿ, ಅದನ್ನ ಖಂಡಿತ ಕೇಳ್ತಾರೆ.